ಗೌರಿ ಹಬ್ಬದಿಂದ ದೀಪಾವಳಿವರೆಗೆ ತಲೆ ಕೆಡದಂತೆ ಇರುವುದು ಹೇಗೆ?

ತಿಪಟೂರು_ಸೊಸೆ
ಎಲ್ಲರಿಗೂ ನಮಸ್ಕಾರ. ಅರ್ಧ ಓದಿ ಬೈಯಬೇಡಿ, ಪೂರ್ತಿ ಓದಿ ಬೈಯಿರಿ. ನಾನು ಬೆಂಗಳೂರಿನಲ್ಲಿ ಕೆಲಸ ಮಾಡುತ್ತೇನೆ, ಗಂಡನ ಊರು ತಿಪಟೂರಿನ ಹತ್ತಿರ. ಶ್ರಾವಣ ಮುಗಿಯುತ್ತಾ ಬಂತು ಅಂದರೆ ನನಗೆ ಒಳಗೊಳಗೇ ಶುರುವಾಗುತ್ತದೆ. ರಾತ್ರಿ ಮೂರಕ್ಕೆ ಎಚ್ಚರ. ಎದೆ ಭಾರ. ಮಗಳು ಲೋಟ ನೀರು ಚೆಲ್ಲಿದರೂ ರೇಗುತ್ತೇನೆ. ಹಬ್ಬ ಅಂದರೆ ಇಷ್ಟ ಇಲ್ಲದವಳೇನೂ ಅಲ್ಲ.

ಗೌರಿ, ಗಣೇಶ, ಪಿತೃಪಕ್ಷ, ದಸರಾ, ದೀಪಾವಳಿ. ಪ್ರತಿ ಸಲವೂ ಆಫೀಸ್ ಮುಗಿಸಿ ಬಸ್ ಹತ್ತಿ, ಬೆಳಗ್ಗೆ ಐದಕ್ಕೆ ತಲೆಸ್ನಾನ, ಮಡಿ, ಅಡುಗೆ. ಎಲ್ಲರದೂ ಆಗಿ ನಾವು ಹೆಂಗಸರು ಎಲೆ ಹಾಕಿಕೊಳ್ಳುವ ಹೊತ್ತಿಗೆ ಮೂರೂವರೆ. ಅಷ್ಟರಲ್ಲಿ ಕೋಸಂಬರಿ ನೀರು ಬಿಟ್ಟಿರುತ್ತದೆ, ಹಸಿವೂ ಸತ್ತಿರುತ್ತದೆ. ಯಾರೂ ಕೆಟ್ಟವರಲ್ಲ. ನಮ್ಮತ್ತೆ ನನಗಿಂತ ಜಾಸ್ತಿ ದುಡಿಯುತ್ತಾರೆ, ಅದಕ್ಕೇ ನನಗೆ ಬಾಯಿ ಬಿಡಲು ಆಗುವುದಿಲ್ಲ.

ಇದು ಬರೀ ಆಯಾಸವಾ, ಇಲ್ಲ ಡಾಕ್ಟರಿಗೆ ತೋರಿಸುವಂಥದ್ದಾ? ನೀವೆಲ್ಲ ಹೇಗೆ ನಿಭಾಯಿಸುತ್ತೀರಿ? "ಪಾಸಿಟಿವ್ ಆಗಿ ಯೋಚಿಸಿ" ಅಂತ ಮಾತ್ರ ಹೇಳಬೇಡಿ. ಅದು ಫ್ಯಾಮಿಲಿ ಗ್ರೂಪಿನಲ್ಲಿ ದಿನಾ ಗುಡ್ ಮಾರ್ನಿಂಗ್ ಜೊತೆಗೇ ಬರುತ್ತದೆ.

ಕಡ್ಲೆಕಾಯಿ
ಮೂರೂವರೆಗೆ ಊಟ ಅಂದಿರಲ್ಲ, ನಮ್ಮಲ್ಲಿ ನಾಲ್ಕು. ಚಾಪೆ ಹಾಕಿ ಕೂತಿದ್ದೇನೆ, ಯಾರಾದರೂ ಉತ್ತರ ಹೇಳಿ.

ಹಳೇಮೈಸೂರು_1958
ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲಮ್ಮ. ನಮ್ಮ ತಾಯಿ ಸೌದೆ ಒಲೆಯಲ್ಲಿ ಮೂವತ್ತು ಜನಕ್ಕೆ ಅಡುಗೆ ಮಾಡುತ್ತಿದ್ದರು. ಮಿಕ್ಸಿ ಇಲ್ಲ, ಕುಕ್ಕರ್ ಇಲ್ಲ. ಒಂದು ದಿನ ಬೇಜಾರು ಅಂದವರಲ್ಲ. ಈಗ ಎಲ್ಲ ಅನುಕೂಲ ಇದ್ದೂ ಎಲ್ಲದಕ್ಕೂ ಡಿಪ್ರೆಶನ್ ಅಂತೀರಿ.

ಸಿಡಿಗುಂಡು
ಅಂಕಲ್, ನಿಮ್ಮ ತಾಯಿಯವರನ್ನು ಯಾರಾದರೂ ಕೇಳಿದ್ದರಾ?

ಮಲೆನಾಡ_ಮೂಲೆ
ನಮ್ಮಜ್ಜಿಯೂ ಬೇಜಾರು ಅಂದವಳಲ್ಲ. ಆದರೆ ದೀಪಾವಳಿಯಲ್ಲಿ ಅವಳ ಮೈಮೇಲೆ ದೇವರು ಬರುತ್ತಿತ್ತು. ಗೋಪೂಜೆ ಮುಗಿಯುತ್ತಿದ್ದಂತೆ ಶುರು. ಕೂದಲು ಬಿಚ್ಚಿ ಕೂತರೆ ಅಜ್ಜ ಕೈ ಮುಗಿದು ಎದುರಿಗೆ ನಿಲ್ಲುತ್ತಿದ್ದರು, ಬೇರೆ ದಿನ ಅವಳ ಮುಖ ನೋಡಿ ಮಾತಾಡಿದವರಲ್ಲ. ಆಗ ಅವಳು ಹೇಳಿದ್ದೆಲ್ಲ ನಡೆಯುತ್ತಿತ್ತು. "ಕಿರಿ ಸೊಸೆಗೆ ಅಡುಗೆ ಮನೆ ಬೇಡ, ಬಾಣಂತನ ಆಗಿ ಮೂರು ತಿಂಗಳಾಗಿಲ್ಲ" ಅಂತ ದೇವರು ಹೇಳಿದ್ದನ್ನು ನಮ್ಮಮ್ಮ ಇವತ್ತಿಗೂ ನೆನೆಸಿಕೊಳ್ಳುತ್ತಾಳೆ. ಆ ಕಿರಿ ಸೊಸೆ ಅವಳೇ.

ದೇವರು ಹೌದೋ ಅಲ್ಲವೋ ನಾನು ಹೇಳಲಾರೆ. ಆದರೆ "ಆ ಕಾಲದಲ್ಲಿ ಏನೂ ಇರಲಿಲ್ಲ" ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಕಡ್ಲೆಕಾಯಿ
ಈಗ ನಮಗೆ ಆ ದಾರಿಯೂ ಇಲ್ಲ. ಮೈಮೇಲೆ ಬಂದರೆ ವಿಡಿಯೋ ಮಾಡಿ ಹಾಕುತ್ತಾರೆ.

ದಾದಿ_ಮೇಡಂ
ನಾನು ಸರ್ಕಾರಿ ಆಸ್ಪತ್ರೆಯ ಮಾನಸಿಕ ವಿಭಾಗದಲ್ಲಿ ನರ್ಸ್. ಡಾಕ್ಟರ್ ಅಲ್ಲ, ಹಾಗಾಗಿ ಇಲ್ಲೇ ಕೂತು ಕಾಯಿಲೆಯ ಹೆಸರು ಹೇಳುವುದಿಲ್ಲ. ತಿಪಟೂರು ಮೇಡಂ ಕೇಳಿದ್ದಕ್ಕೆ ಒಂದು ಲೆಕ್ಕ ಹೇಳಬಹುದು. ಹಬ್ಬ ಹತ್ತಿರ ಬಂದಾಗ ಶುರುವಾಗಿ, ಮುಗಿದ ಮೇಲೆ ತಾನಾಗಿಯೇ ಇಳಿದರೆ ಅದು ಹೆಚ್ಚಾಗಿ ಒತ್ತಡ. ಎರಡು ವಾರ ಹೆಚ್ಚುಕಡಿಮೆ ದಿನವಿಡೀ ಮನಸ್ಸು ಕುಗ್ಗಿಯೇ ಇದ್ದು, ನಿದ್ದೆ-ಊಟ ಕೆಟ್ಟು, ಇಷ್ಟದ ಕೆಲಸವೂ ಬೇಡ ಅನ್ನಿಸಿದರೆ ತೋರಿಸಿ. ಥೈರಾಯ್ಡ್ ಕಡಿಮೆ ಇದ್ದರೂ ಹೀಗೇ ಆಗಬಹುದು, ಅದನ್ನೂ ಒಂದು ಸಲ ನೋಡಿಸಿಕೊಳ್ಳಿ.

ಹಬ್ಬದ ಕಾಲದಲ್ಲಿ ನಮ್ಮ ಓಪಿಡಿಯಲ್ಲಿ ನೋಡುವುದೇ ಬೇರೆ. ನವರಾತ್ರಿ ಉಪವಾಸ ಅಂತ ಮಾತ್ರೆಯನ್ನೂ ಬಿಟ್ಟುಬಿಡುತ್ತಾರೆ. ದಯವಿಟ್ಟು ಬಿಡಬೇಡಿ. ಅದರಲ್ಲೂ ಲಿಥಿಯಂ (ಮನಸ್ಸಿನ ಅತಿಯಾದ ಏರಿಳಿತ ತಡೆಯುವ ಮಾತ್ರೆ) ತಗೊಳ್ಳುವವರು ನೀರು ಸಹ ಕುಡಿಯದೆ ಉಪವಾಸ ಮಾಡಿದರೆ ರಕ್ತದಲ್ಲಿ ಔಷಧದ ಮಟ್ಟ ಏರುತ್ತದೆ. ಕೈ ನಡುಕ, ವಾಂತಿ-ಭೇದಿ, ತೂರಾಟ ಕಂಡರೆ ಕಾಯಬಾರದು, ಕೂಡಲೇ ಆಸ್ಪತ್ರೆಗೆ ಬರಬೇಕು. ವ್ರತ ಮಾಡಲೇಬೇಕು ಅಂದರೆ ಮೊದಲೇ ಡಾಕ್ಟರನ್ನು ಕೇಳಿ.

ಬೈಪೋಲಾರ್, ಅಂದರೆ ಮನಸ್ಸು ಕೆಲವು ಕಾಲ ಅತಿಯಾಗಿ ಏರಿ ಕೆಲವು ಕಾಲ ಕುಗ್ಗುವ ಕಾಯಿಲೆ ಇರುವವರಿಗೆ ಜಾಗರಣೆ ಒಳ್ಳೆಯದಲ್ಲ. ನಿದ್ದೆ ಕೆಟ್ಟರೆ ಮತ್ತೆ ಮೇನಿಯಾ (ಆ ಅತಿಯಾದ ಏರು) ಕೆರಳಬಹುದು. ಮನೆಯವರು ಮೊದಲು "ಎಷ್ಟು ಚುರುಕಾಗಿದ್ದಾನೆ ನೋಡು, ರಾತ್ರಿಯೆಲ್ಲಾ ಪೆಂಡಾಲ್ ಕೆಲಸ ಮಾಡಿದ" ಅಂತ ಖುಷಿಪಡುತ್ತಾರೆ. ಆಮೇಲೆ ನಮ್ಮಲ್ಲಿಗೆ ಕರೆತರುತ್ತಾರೆ.

ಇನ್ನೊಂದು. ಊರಿಗೆ ಹೋಗುವಾಗ ಮಾತ್ರೆಯನ್ನೂ ಚೀಟಿಯನ್ನೂ ಕೈಚೀಲದಲ್ಲೇ ಇಟ್ಟುಕೊಳ್ಳಿ. ದೊಡ್ಡ ಬ್ಯಾಗಿನಲ್ಲಿ ಹಾಕಿ, ಎಲ್ಲರೆದುರು ತೆಗೆಯಲು ನಾಚಿಕೆ ಅಂತ ಬಿಟ್ಟವರನ್ನು ನೋಡಿದ್ದೇನೆ.

ಬಾಣಲೆ_ಬಂಗಾರಪ್ಪ
ಎಲ್ಲ ಹೆಂಗಸರದೇ ಕಷ್ಟ ಅನ್ನಬೇಡಿ. ಗಂಡಸರಿಗೂ ಇದೆ, ಹೇಳಿಕೊಳ್ಳುವುದಿಲ್ಲ ಅಷ್ಟೇ. ನಾನು ಹಿರೇಮಗ. ಗೌರಿಗೆ ಇಬ್ಬರು ತಂಗಿಯರಿಗೆ ಸೀರೆ, ದೀಪಾವಳಿಗೆ ಮನೆಮಂದಿಗೆಲ್ಲ ಬಟ್ಟೆ, ಊರಿನ ಗಣಪತಿಗೆ ಚಂದಾ. "ಬೆಂಗಳೂರಲ್ಲಿ ಇರೋನು" ಅಂತ ಚಂದಾ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಮೊತ್ತ ಅವರೇ ಬರೆದುಕೊಂಡು ಬರುತ್ತಾರೆ! ಬೋನಸ್ ಬಂತಾ ಅಂತ ಕೇಳುತ್ತಾರೆಯೇ ಹೊರತು ಕೆಲಸ ಇದೆಯಾ ಅಂತ ಯಾರೂ ಕೇಳುವುದಿಲ್ಲ. ಹೋದ ವರ್ಷ ಮೇನಲ್ಲಿ ನನ್ನ ಕೆಲಸ ಹೋಗಿತ್ತು. ಹೆಂಡತಿ ಬಳೆ ಅಡ ಇಟ್ಟು ಹಬ್ಬ ಮಾಡಿದೆ. ಸಂಜೆ ಗೆಳೆಯರ ಜೊತೆ ಕೂತರೆ ಅಲ್ಲೂ ಬಿಲ್ ನನ್ನದೇ.

ಈ ವರ್ಷ ತಂಗಿಯರಿಗೆ ಮೊದಲೇ ಫೋನ್ ಮಾಡಿ ಇದ್ದದ್ದು ಹೇಳಿದೆ. ದೊಡ್ಡವಳು ಅತ್ತಳು. "ಅಣ್ಣ, ಸೀರೆ ಬೀರುವಿನಲ್ಲಿ ತುಂಬಿದೆ, ನೀನು ಬಾ ಸಾಕು" ಅಂದಳು. ಚಿಕ್ಕವಳು ಮಾತ್ರ ಇನ್ನೂ ಮುನಿಸಿಕೊಂಡಿದ್ದಾಳೆ. ಇರಲಿ.

ದಾದಿ_ಮೇಡಂ
@ಬಾಣಲೆ_ಬಂಗಾರಪ್ಪ ಫೋನ್ ಮಾಡಿ ಹೇಳಿದ್ದು ಒಳ್ಳೆಯದಾಯಿತು ಸರ್. ಸಂಜೆ ಕೂರುವುದರ ಬಗ್ಗೆ ಒಂದು ಮಾತು. ನಿದ್ದೆ ಮಾತ್ರೆ, ಆತಂಕದ ಮಾತ್ರೆ ತಗೊಳ್ಳುವ ಯಾರೇ ಆಗಲಿ, ಅದರ ಮೇಲೆ ಕುಡಿಯಬಾರದು. ಉಸಿರಾಟಕ್ಕೇ ಅಪಾಯ.

ಮೂವತ್ಮೂರು
ನನ್ನ ಸಮಸ್ಯೆ ಒಂದೇ ಪ್ರಶ್ನೆ: "ಯಾವಾಗ ಊಟ ಹಾಕಿಸ್ತೀಯಾ?"

ಗೊತ್ತಿಲ್ಲದವರಿಗೆ: ಮದುವೆ ಯಾವಾಗ ಅಂತ. ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಕೇಳುತ್ತಾರೆ. ನಾನು ಕಂಡುಕೊಂಡ ಉಪಾಯ, ಕೈಗೆ ಕೆಲಸ ಹಿಡಿದುಕೊಳ್ಳುವುದು. ಮಾವಿನ ತೋರಣ ಕಟ್ಟುವುದು, ಮಕ್ಕಳನ್ನು ಕರೆದುಕೊಂಡು ಗಣಪತಿ ನೋಡಲು ಬೀದಿ ಸುತ್ತುವುದು. ಸೋಫಾದಲ್ಲಿ ಕೂತರೆ ಸಿಕ್ಕಿಬಿದ್ದೆ ಅಂತಲೇ ಲೆಕ್ಕ. ಮತ್ತೆ ಒಬ್ಬ ಚಿಕ್ಕಮ್ಮನನ್ನು ಮೊದಲೇ ನನ್ನ ಕಡೆ ಮಾಡಿಕೊಂಡಿದ್ದೇನೆ. ಮಾತು ಆ ಕಡೆ ಹೊರಟ ಕೂಡಲೇ ಅವರು "ಅಯ್ಯೋ ಸಾರು ಉಕ್ತಿದೆ ಬಾರೇ" ಅಂತ ಒಳಗಿನಿಂದ ಕೂಗುತ್ತಾರೆ. ಸಾರು ಎಂದೂ ಉಕ್ಕಿದ್ದಿಲ್ಲ.

ಸಿಡಿಗುಂಡು
ಆ ಚಿಕ್ಕಮ್ಮನ್ನ ನಮಗೂ ಬಾಡಿಗೆಗೆ ಕೊಡಿ.

ಧಾರವಾಡ_ಪೇಢೆ
ತಿಪಟೂರು ಅಕ್ಕಾರ, ನಮ್ಮ ಕಡೆ ನಾಗಪಂಚಮಿ ಅಂದರೆ ಹೆಣ್ಣುಮಕ್ಕಳ ಹಬ್ಬ. ತವರಿಗೆ ಹೋಗುವುದು, ಜೋಕಾಲಿ ಆಡುವುದು, ಉಂಡಿ ತಿನ್ನುವುದು. ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ, ಎಲ್ಲ ಮೊದಲೇ ಕಟ್ಟಿಟ್ಟಿರುತ್ತಾರೆ. ಹಬ್ಬದ ದಿನ ಹೊತ್ತುಹೊತ್ತಿಗೆ ಒಲೆ ಮುಂದೆ ನಿಲ್ಲುವ ಕೆಲಸ ಕಡಿಮೆ. ಹಿಂದಿನವರಿಗೆ ದಣಿವು ಗೊತ್ತಿತ್ತು, ಅದಕ್ಕೇ ವರ್ಷದಲ್ಲಿ ಒಮ್ಮೆಯಾದರೂ ಹೆಣ್ಣುಮಗಳು ತವರಲ್ಲಿ ಕಾಲು ಚಾಚಿ ಕೂರಲಿ ಅಂತ ಇಟ್ಟರು ಅಂತ ನನಗೆ ಅನ್ನಿಸುತ್ತದೆ.

ನಿಮ್ಮ ಕಡೆ ಗೌರಿಗೆ ತವರಿನಿಂದ ಬಾಗಿನ ಬರುತ್ತದಲ್ಲ? ಯಾರು ತರುತ್ತಾರೆ? ಒಂದು ದಿನ ತವರಿಗೆ ಹೋಗಿ ಬರಲು ಆಗುವುದಿಲ್ಲವೇನು?

ಮ್ಯಾಂಚೆಸ್ಟರ್_ಮಳೆ
ಇಲ್ಲಿ ಇಂಗ್ಲೆಂಡಿನಲ್ಲಿ ಸಮಸ್ಯೆ ಉಲ್ಟಾ. ಹಬ್ಬವೇ ಇರುವುದಿಲ್ಲ. ದೀಪಾವಳಿ ಅಂದರೆ ಮಾಮೂಲಿ ಮಂಗಳವಾರ. ಆಫೀಸಿನ ಪ್ಯಾಂಟ್ರಿಯಲ್ಲಿ ನಿಂತು ಫ್ಯಾಮಿಲಿ ಗ್ರೂಪಿನಲ್ಲಿ ಒಂದಾದ ಮೇಲೊಂದು ಫೋಟೋ ನೋಡುವುದು. ಎಣ್ಣೆ ಸ್ನಾನದ ಫೋಟೋ, ಹೊಸ ಬಟ್ಟೆಯ ಫೋಟೋ. ಕನ್ನಡ ಸಂಘದವರು ಹಾಲ್ ಸಿಕ್ಕಿದ ಶನಿವಾರ ದೀಪಾವಳಿ ಮಾಡುತ್ತಾರೆ, ಅಷ್ಟರಲ್ಲಿ ಊರಲ್ಲಿ ತುಳಸಿ ಹಬ್ಬವೂ ಮುಗಿದಿರುತ್ತದೆ.

ಅದಕ್ಕಿಂತ ಕಷ್ಟ ಡಿಸೆಂಬರ್. ನಾಲ್ಕು ಗಂಟೆಗೆಲ್ಲ ಕತ್ತಲೆ. ಬಂದ ಮೊದಲ ಚಳಿಗಾಲ ಹಾಸಿಗೆಯಿಂದ ಏಳಲೇ ಮನಸ್ಸಿಲ್ಲ, ಬರೀ ನಿದ್ದೆ, ಬರೀ ಅನ್ನ-ಬ್ರೆಡ್ಡು. ಸೋಮಾರಿತನ ಅಂದುಕೊಂಡಿದ್ದೆ. ಬೆಳಕು ಕಮ್ಮಿ ಆದಾಗ ಬರುವ ಖಿನ್ನತೆ ಅಂತ ಇಲ್ಲಿನ ಡಾಕ್ಟರ್ ಹೇಳಿದರು. ಈಗ ಬೆಳಗ್ಗೆ ಎದ್ದ ಕೂಡಲೇ 10,000 ಲಕ್ಸ್ (ಬೆಳಕಿನ ಅಳತೆ) ದೀಪದ ಮುಂದೆ ಅರ್ಧ ಗಂಟೆ ಕಾಫಿ ಕುಡಿಯುತ್ತಾ ಕೂರುತ್ತೇನೆ. ಮಧ್ಯಾಹ್ನ ಬಿಸಿಲಿರಲಿ ಬಿಡಲಿ ಹೊರಗೆ ಒಂದು ಸುತ್ತು. ನನಗಂತೂ ಅನುಕೂಲ ಆಗಿದೆ.

ಕ್ರಿಸ್‌ಮಸ್ ದಿನ ಇಲ್ಲಿ ರೈಲೂ ಓಡುವುದಿಲ್ಲ. ಕಾರಿಲ್ಲದ ವಿದ್ಯಾರ್ಥಿಗಳು ರೂಮಿನಲ್ಲೇ ಬಂದಿ. ಅವತ್ತು ನಮ್ಮ ಮನೆಯಲ್ಲಿ ಬಿಸಿಬೇಳೆಬಾತ್ ಇಟ್ಟು ಹುಡುಗರನ್ನು ಕರೆಯುತ್ತೇವೆ. ಬ್ರಿಟನ್ನಿನಲ್ಲಿ ಇರುವವರು ಸಮಾರಿಟನ್ಸ್ ಅನ್ನುವ ಸಹಾಯವಾಣಿಯ ನಂಬರ್ 116 123 ಬರೆದಿಟ್ಟುಕೊಳ್ಳಿ. ಹಗಲು ರಾತ್ರಿ, ಕ್ರಿಸ್‌ಮಸ್ ದಿನವೂ ಎತ್ತುತ್ತಾರೆ, ದುಡ್ಡಿಲ್ಲ.

ದಾದಿ_ಮೇಡಂ
ಆ ದೀಪದ ಬಗ್ಗೆ ಒಂದು ತಿದ್ದುಪಡಿ. ಬೈಪೋಲಾರ್ ಇರುವವರು, ಕಣ್ಣಿನ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಬಳಸಬೇಡಿ.

ಕುಡ್ಲದ_ಬಾಯಿ
ಕ್ರಿಸ್‌ಮಸ್ ಮಾತು ಬಂತಲ್ಲ ಮಾರಾಯ್ರೆ. ನಮ್ಮ ಮನೆಯಲ್ಲಿ ಅಮ್ಮ ಒಬ್ಬರೇ. ನಾವು ಮೂವರು ಮಕ್ಕಳೂ ಗಲ್ಫ್. ಡಿಸೆಂಬರ್ ಬಂದರೆ ಒಬ್ಬರೇ ಕೂತು ಕುಸ್ವಾರ್ (ಕ್ರಿಸ್‌ಮಸ್ ತಿಂಡಿ) ಮಾಡುವುದು, ನೆವ್ರಿ, ಕಿಡಿಯೊ, ಗುಳಿಯೊ ಎಲ್ಲ. ಕೈ ನೋವು, ಬಿಡಿ ಅಂದರೆ ಜಗಳ. ಹೋದ ಸಲ ತಂಗಿ ಒಂದು ಉಪಾಯ ಮಾಡಿದಳು. ವಾಡೋದ (ನಮ್ಮ ಇಗರ್ಜಿಯ ವಾರ್ಡಿನ) ನಾಲ್ಕು ಮನೆಯ ಅಜ್ಜಿಯಂದಿರು ಒಂದೊಂದು ದಿನ ಒಂದೊಂದು ಮನೆಯಲ್ಲಿ ಸೇರಿ ಮಾಡುವುದು. ಈಗ ಫೋನ್ ಮಾಡಿದರೆ ಅಮ್ಮನಿಗೆ ನಮ್ಮ ಹತ್ತಿರ ಮಾತಾಡಲು ಪುರುಸೊತ್ತು ಇಲ್ಲ. ಪರಚಿಂತನೆ ನಡೆಯುತ್ತಿರುತ್ತದೆ.

ಹಳೇಮೈಸೂರು_1958
ಎಲ್ಲರೂ ನನ್ನ ಮೇಲೆ ಬಿದ್ದಿದ್ದೀರಿ, ಇರಲಿ. ನಾನೂ ಒಂದು ಮಾತು ಹೇಳುತ್ತೇನೆ. ನನ್ನ ಹೆಂಡತಿ ಹೋದ ಮೇಲೆ ಮನೆಯಲ್ಲಿ ನಾನೊಬ್ಬನೇ. ಮಗ-ಸೊಸೆ ಹಬ್ಬಕ್ಕೆ ಎರಡು ದಿನ ಬರುತ್ತಾರೆ. ಅದರಲ್ಲಿ ಒಂದು ದಿನ ಮಗ ಲ್ಯಾಪ್‌ಟಾಪ್ ಮುಂದೆ, ಇನ್ನೊಂದು ದಿನ ನಿದ್ದೆ. ಮೊಮ್ಮಗನಿಗೆ ಮೊಬೈಲು. ದಸರಾ ಗೊಂಬೆ ಇಡುವುದನ್ನು ನಿಲ್ಲಿಸಿ ನಾಲ್ಕು ವರ್ಷ ಆಯಿತು, ಪಟ್ಟದ ಗೊಂಬೆ ಟ್ರಂಕಿನಲ್ಲೇ ಇವೆ. ಯಾರಿಗೂ ಸುಸ್ತು ಮಾಡಬಾರದು ಅಂತ ನಾನೂ ಏನೂ ಕೇಳುವುದಿಲ್ಲ. ಇದಕ್ಕೆ ಯಾವ ನಂಬರಿಗೆ ಫೋನ್ ಮಾಡಬೇಕು ಹೇಳಿ.

ಸಿಡಿಗುಂಡು
ಅಂಕಲ್, ಇದನ್ನು ಮೊದಲೇ ಹೇಳಬಾರದಿತ್ತಾ.

ಮಲೆನಾಡ_ಮೂಲೆ
ಸರ್, ಮೊಮ್ಮಗನನ್ನು ಕೂರಿಸಿಕೊಂಡು ಟ್ರಂಕ್ ತೆಗೆಯಿರಿ. ಒಂಬತ್ತು ಮೆಟ್ಟಿಲೇ ಬೇಕು ಅಂತಿಲ್ಲ, ಮೂರು ಸಾಕು. ಸೊಸೆಗೆ ಅಡುಗೆ ಇಲ್ಲ ಅಂತ ಮೊದಲೇ ಹೇಳಿ, ಚರುಪು ಅಂಗಡಿಯಿಂದ ತರಿಸಿ. ಮಗ ಲ್ಯಾಪ್‌ಟಾಪ್ ಮುಚ್ಚುತ್ತಾನೋ ಇಲ್ಲವೋ ಗ್ಯಾರಂಟಿ ಕೊಡಲಾರೆ.

ಬಾಲ್ಕನಿ_ಬೆಕ್ಕು
ಪಟಾಕಿ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಮಾವನವರಿಗೆ ಮರೆವಿನ ಕಾಯಿಲೆ. ಸದ್ದು ಬಂದರೆ ಯುದ್ಧ ಅಂದುಕೊಂಡು ಮಂಚದ ಕೆಳಗೆ ಹೋಗಲು ನೋಡುತ್ತಾರೆ. ಸುಪ್ರೀಂ ಕೋರ್ಟ್ 2018ರಲ್ಲೇ ದೀಪಾವಳಿಗೆ ರಾತ್ರಿ 8ರಿಂದ 10ರವರೆಗೆ ಮಾತ್ರ, ಅದೂ ಹಸಿರು ಪಟಾಕಿ ಅಂತ ಹೇಳಿದೆ. ನಮ್ಮ ಬೀದಿಗೆ ಆ ಸುದ್ದಿ ಇನ್ನೂ ಬಂದಿಲ್ಲ. ಆ ಮೂರು ರಾತ್ರಿ ಒಳಕೋಣೆಯ ಕಿಟಕಿ ಮುಚ್ಚಿ, ಹಳೇ ಭಾವಗೀತೆ ಸ್ವಲ್ಪ ಜೋರಾಗಿ ಹಾಕಿ, ಅವರ ಕೈ ಹಿಡಿದುಕೊಂಡು ಕೂರುತ್ತೇವೆ. ಸರದಿ ಪ್ರಕಾರ, ಮನೆಯವರೆಲ್ಲ.

ದೇಶಭಕ್ತ_ನಂ1
ಹಿಂದೂ ಹಬ್ಬ ಬಂದಾಗ ಮಾತ್ರ ಎಲ್ಲರಿಗೂ ಮಾನಸಿಕ ಆರೋಗ್ಯ ನೆನಪಾಗುತ್ತದೆ.

ಬಾಲ್ಕನಿ_ಬೆಕ್ಕು
ಮೇಲೆ ಕುಸ್ವಾರ್ ಬಗ್ಗೆ ಬರೆದಿದ್ದಾರೆ, ಓದಿ. ಮತ್ತೆ ನಮ್ಮ ಮಾವನವರು ನಿತ್ಯ ಸಂಧ್ಯಾವಂದನೆ ಮಾಡುವವರು.

ಹೆಸರು_ಬೇಡ
ಇಲ್ಲಿ ಬರೆಯಬಹುದೋ ಇಲ್ಲವೋ. ನಾನು ಪಿಜಿಯಲ್ಲಿದ್ದೇನೆ. ಎಲ್ಲರೂ ಹಬ್ಬಕ್ಕೆ ಊರಿಗೆ ಹೋದರು. ಅಡುಗೆಯವರಿಗೂ ರಜೆ. ಅಪ್ಪ ನನ್ನ ಜೊತೆ ಮಾತು ಬಿಟ್ಟಿದ್ದಾರೆ, ಹಾಗಾಗಿ ನಾನು ಹೋಗುವ ಹಾಗಿಲ್ಲ. ನಾನು ಇಲ್ಲದಿದ್ದರೂ ಯಾರಿಗೂ ಗೊತ್ತೇ ಆಗುವುದಿಲ್ಲ ಅನ್ನಿಸುತ್ತದೆ.

ದಾದಿ_ಮೇಡಂ
ಬರೆದಿದ್ದು ಒಳ್ಳೆಯದಾಯಿತು. ನೇರವಾಗಿ ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಸಾಯಬೇಕು ಅನ್ನುವ ಯೋಚನೆ ಬರುತ್ತಿದೆಯಾ?

ಹೆಸರು_ಬೇಡ
ಬರುತ್ತದೆ. ಏನೂ ಮಾಡಿಕೊಂಡಿಲ್ಲ.

ದಾದಿ_ಮೇಡಂ
ಹೇಳಿದ್ದಕ್ಕೆ ಥ್ಯಾಂಕ್ಸ್. ಈಗಲೇ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ ಮಾನಸಿಕ ಆರೋಗ್ಯದ ಸಹಾಯವಾಣಿ, 2022ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ್ದು. ಹಗಲು ರಾತ್ರಿ ಇರುತ್ತದೆ, ಉಚಿತ, ಕನ್ನಡದಲ್ಲಿ ಮಾತಾಡಬಹುದು. ಪಿಜಿ ಓನರ್ ಅಥವಾ ವಾಚ್‌ಮನ್ ಯಾರಾದರೂ ಇದ್ದರೆ ಅವರ ಹತ್ತಿರ ಹೋಗಿ ಕೂತುಕೊಳ್ಳಿ, ರೂಮಿನಲ್ಲಿ ಒಬ್ಬರೇ ಬೇಡ. ತಡೆಯಲು ಆಗುವುದಿಲ್ಲ ಅನ್ನಿಸಿದರೆ 112, ಇಲ್ಲ ಹತ್ತಿರದ ಆಸ್ಪತ್ರೆಯ ಎಮರ್ಜೆನ್ಸಿ. ಬೆಂಗಳೂರಾದರೆ ನಿಮ್ಹಾನ್ಸ್‌ನಲ್ಲಿ ಯಾವ ಹೊತ್ತಿಗೆ ಹೋದರೂ ನೋಡುತ್ತಾರೆ, ಹಬ್ಬದ ದಿನವೂ. ಇನ್‌ಬಾಕ್ಸ್ ತೆರೆದಿದ್ದೇನೆ.

ಬೇರೆಯವರು ಬುದ್ಧಿವಾದ ಹೇಳಬೇಡಿ. "ಅಪ್ಪ-ಅಮ್ಮನ್ನ ನೆನೆಸಿಕೊ" ಅನ್ನುವುದೂ ಈಗ ಬೇಡ.

ಕಡ್ಲೆಕಾಯಿ
ನಾನು ಜಯನಗರ. ನಾಳೆ ನಮ್ಮ ಮನೆಗೆ ಊಟಕ್ಕೆ ಬನ್ನಿ. ಯಾರು, ಏನು, ಯಾಕೆ ಅಂತ ಯಾರೂ ಕೇಳುವುದಿಲ್ಲ, ನನ್ನ ಅಮ್ಮನನ್ನು ಬಿಟ್ಟು. ಅವರು "ಇನ್ನೊಂದು ಹಾಕಿಸ್ಕೋ" ಅಂತ ಮಾತ್ರ ಕೇಳುತ್ತಾರೆ. ವಿಳಾಸ ಇನ್‌ಬಾಕ್ಸ್‌ನಲ್ಲಿ ಹಾಕಿದ್ದೇನೆ.

ಹೆಸರು_ಬೇಡ
ಫೋನ್ ಮಾಡಿದೆ. ಅತ್ತುಬಿಟ್ಟೆ. ಸುಮ್ಮನೆ ಕೇಳಿಸಿಕೊಂಡರು. ಕೆಳಗೆ ಓನರ್ ಆಂಟಿ ಇದ್ದಾರೆ, ಅವರ ಮನೆಯಲ್ಲಿ ಕೂತಿದ್ದೇನೆ. ಟಿವಿ ನೋಡುತ್ತಿದ್ದಾರೆ. ಊಟದ ಬಗ್ಗೆ ಬೆಳಗ್ಗೆ ಹೇಳುತ್ತೇನೆ.

ತಿಪಟೂರು_ಸೊಸೆ
@ಹೆಸರು_ಬೇಡ ಬೆಳಗ್ಗೆ ಇಲ್ಲಿ ಒಂದು ಸಾಲು ಬರೆಯಿರಿ, ಸಾಕು. ಕಾಯುತ್ತಿರುತ್ತೇವೆ.

@ಧಾರವಾಡ_ಪೇಢೆ ನಿಮ್ಮ ಪ್ರಶ್ನೆಗೆ ಉತ್ತರ ಬರೆದು ಬರೆದು ಅಳಿಸಿದೆ. ಅಮ್ಮ ಇದ್ದಾಗ ಗೌರಿ ಹಬ್ಬಕ್ಕೆ ಅಮ್ಮನೇ ಬರುತ್ತಿದ್ದರು. ಮೊರದ ಬಾಗಿನ, ಅದರಲ್ಲಿ ಬಳೆ, ಬಿಚ್ಚೋಲೆ, ತೊಗರಿಬೇಳೆ, ಬೆಲ್ಲದಚ್ಚು, ರವಿಕೆ ಕಣ. ಕಣ ಯಾವಾಗಲೂ ನಾನು ಹೊಲಿಸದೇ ಇರುವ ಬಣ್ಣದ್ದೇ. ಅಮ್ಮ ಹೋದ ಮೇಲೆ ಅಣ್ಣ ಬಾಗಿನದ ದುಡ್ಡನ್ನು ಫೋನ್‌ಪೇ ಮಾಡುತ್ತಾನೆ. ಮೆಸೇಜಿನಲ್ಲಿ "ಗೌರಿ" ಅಂತ ಬರೆದಿರುತ್ತಾನೆ. ಅವನದೂ ತಪ್ಪಲ್ಲ, ಅಂಗಡಿ ಬಿಟ್ಟು ಬರಲು ಆಗುವುದಿಲ್ಲ. ಆದರೆ ಆ ಟಿಂಗ್ ಸದ್ದು ಬಂದಾಗ ನಾನು ಅಡುಗೆಮನೆಯಲ್ಲಿ ನಿಂತಿರುತ್ತೇನೆ, ಅಳಲು ಜಾಗ ಇರುವುದಿಲ್ಲ. ಬಹುಶಃ ನನಗೆ ಅಡುಗೆಗಿಂತ ಇದೇ ಜಾಸ್ತಿ ಕಾಡುವುದು.

ಧಾರವಾಡ_ಪೇಢೆ
ಅಕ್ಕಾರ, ಅಣ್ಣ ಕರೆಯಲು ಬರಲಿಲ್ಲ ಅನ್ನುವ ಸಂಕಟ ನಮ್ಮ ಪಂಚಮಿ ಹಾಡುಗಳ ತುಂಬ ಇದೆ. ನೀವೊಬ್ಬರೇ ಅಲ್ಲ. ಅಣ್ಣನಿಗೆ ಒಂದು ಮಾತು ಹೇಳಿ, ದುಡ್ಡು ಬೇಡ, ವಿಡಿಯೋ ಕಾಲ್ ಮಾಡು ಅಂತ.

ಎರಡನೇ_ವರ್ಷ
ನಮ್ಮಪ್ಪ ತೀರಿಕೊಂಡ ವರ್ಷ ಮನೆಯಲ್ಲಿ ಹಬ್ಬ ಇರಲಿಲ್ಲ. ನಿಜ ಹೇಳಬೇಕು ಅಂದರೆ ಆ ವರ್ಷ ಸಲೀಸಾಗಿತ್ತು. ಅಳಬಹುದಿತ್ತು, ಮಲಗಬಹುದಿತ್ತು, ಪಕ್ಕದ ಮನೆಯವರು ಒಬ್ಬಟ್ಟು ತಂದು ಕೊಟ್ಟು ಹೋಗುತ್ತಿದ್ದರು. ವರ್ಷಾಬ್ದಿಕ ಆದ ಮೇಲೆ ಎಲ್ಲರೂ "ಸರಿ, ಇನ್ನು ಹಬ್ಬ ಮಾಡಿ" ಅಂದರು. ಅಲ್ಲಿಂದ ಕಷ್ಟ ಶುರುವಾಯಿತು. ಈಗ ನಾವು ದೀಪಾವಳಿ ನೀರು ತುಂಬುವ ದಿನ ಅಪ್ಪನ ಬಗ್ಗೆ ಬೇಕಂತಲೇ ಮಾತಾಡುತ್ತೇವೆ. ಅವರು ಹಂಡೆಗೆ ಸುಣ್ಣದ ಪಟ್ಟೆ ಹಾಕಿ ಅರ್ಧ ನೆಲಕ್ಕೂ ಬಳಿಯುತ್ತಿದ್ದರು. ಹೇಳಿ ನಗುತ್ತೇವೆ. ಅಮ್ಮ ಒಮ್ಮೊಮ್ಮೆ ಎದ್ದು ಹಿತ್ತಲಿಗೆ ಹೋಗುತ್ತಾರೆ, ಯಾರೂ ಹಿಂದೆ ಹೋಗುವುದಿಲ್ಲ.

ತಿಪಟೂರು ಅವರೇ, ನಿಮ್ಮತ್ತೆಗೂ ತಾಯಿ ಇದ್ದರಲ್ಲ. ಅವರಿಗೆ ಹೇಳಿ ನೋಡಿ.

ಕಡ್ಲೆಕಾಯಿ
ಅಡುಗೆ ವಿಷಯಕ್ಕೆ ಬರೋಣ. ಒಬ್ಬಟ್ಟು ಅಂಗಡಿಯಿಂದ ತಂದರೆ ಅರ್ಧ ದಿನ ಉಳಿಯುತ್ತದೆ. ನೈವೇದ್ಯಕ್ಕೆ ಮನೆಯಲ್ಲಿ ಪಾಯಸ ಮಾಡಿ. ಬಡಿಸುವುದು ಗಂಡಸರ ಪಾಲು. ನಮ್ಮ ಮನೆಯಲ್ಲಿ ಎರಡು ವರ್ಷದಿಂದ ಹೀಗೇ, ಯಾವ ದೇವರೂ ಮುನಿಸಿಕೊಂಡಿಲ್ಲ.

ದೇಶಭಕ್ತ_ನಂ1
ಅಂಗಡಿ ಒಬ್ಬಟ್ಟಿನಲ್ಲಿ ಡಾಲ್ಡಾ.

ಸಿಡಿಗುಂಡು
ಹಾಗಿದ್ದರೆ ನೀವೇ ಮಾಡಿ ತನ್ನಿ, ನಾವು ತಿನ್ನುತ್ತೇವೆ.

ಹೆಸರು_ಬೇಡ
ಬೆಳಗ್ಗೆ ಆಯಿತು. ಇದ್ದೇನೆ. ಜಯನಗರಕ್ಕೆ ಯಾವ ಬಸ್ಸು?

ಕಡ್ಲೆಕಾಯಿ
ಎಲ್ಲಿಂದ ಹೊರಡುತ್ತೀರಿ ಹೇಳಿ. ಮೆಟ್ರೋ ಹತ್ತಿರ ಇದ್ದರೆ ಹಸಿರು ಲೈನ್ ಹಿಡಿದು ಜಯನಗರದಲ್ಲಿ ಇಳಿಯಿರಿ, ತಮ್ಮನನ್ನು ಕಳಿಸುತ್ತೇನೆ. ಖಾಲಿ ಹೊಟ್ಟೆಯಲ್ಲಿ ಬನ್ನಿ. ನಮ್ಮಲ್ಲೂ ಊಟ ಲೇಟು, ಆದರೆ ಒಂಬತ್ತಕ್ಕೆ ಉಪ್ಪಿಟ್ಟು ಇರುತ್ತದೆ.

ಹಳೇಮೈಸೂರು_1958
ಟ್ರಂಕಿನ ಬೀಗದ ಕೈ ಸಿಗುತ್ತಿಲ್ಲ. ಹುಡುಕುತ್ತಿದ್ದೇನೆ. ಅಂದ ಹಾಗೆ ಮಗನ ಮನೆಗೆ ಒಬ್ಬಟ್ಟು ಕಳಿಸಬೇಕು, ಯಾವುದು ತಡೆಯುತ್ತದೆ?

ಮಲೆನಾಡ_ಮೂಲೆ
ಬೇಳೆದು ಮಾರನೇ ದಿನಕ್ಕೆ ಹಳಸುತ್ತದೆ ಸರ್. ದೂರ ಕಳಿಸುವುದಾದರೆ ಕಾಯಿದು. ಆರಿಸಿ ಕಟ್ಟಿಸಿ, ಬಿಸಿ ಇದ್ದಾಗಲೇ ಡಬ್ಬಿ ಮುಚ್ಚಬೇಡಿ.